ಮಾವನ ಟ್ರಂಕಿನಲ್ಲಿ ಸಿಕ್ಕ ಸೀಲ್ ಒಡೆಯದ ಮಾರಿಯೊ ಗೇಮ್: ಗ್ರೇಡಿಂಗ್‌ಗೆ ಅಮೆರಿಕಕ್ಕೆ ಕಳುಹಿಸಬೇಕೇ?

ಡೊಂಬಿವಲಿ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದವಾಗಿದೆ. ಪೂರ್ತಿ ಹೇಳದಿದ್ದರೆ ಸರಿಯಾದ ಸಲಹೆ ಕೇಳಿದಂತೆ ಆಗುವುದಿಲ್ಲ, ಅದಕ್ಕೇ ಎಲ್ಲವನ್ನೂ ಬರೆಯುತ್ತಿದ್ದೇನೆ.

ನನ್ನ ಸೋದರಮಾವ ಸರಕಿನ ಹಡಗುಗಳಲ್ಲಿ ಅಡುಗೆಯವರಾಗಿದ್ದರು. ಊರು ಕುಂದಾಪುರದ ಕಡೆ. ಒಂಬತ್ತು ಹತ್ತು ತಿಂಗಳು ಸಮುದ್ರದ ಮೇಲೆ, ಆಮೇಲೆ ಊರಿಗೆ ಹೋಗುವ ಮುಂಚೆ ಕೆಲವು ವಾರ ಪರೇಲಿನ ನಮ್ಮ ಚಾಳಿನ ಕೋಣೆಯಲ್ಲಿ. ಅವರು ಬರುವ ದಿನ ನಾನು, ತಂಗಿ ಇಬ್ಬರೂ ಶಾಲೆಯಿಂದ ಓಡಿಕೊಂಡೇ ಮನೆಗೆ ಬರುತ್ತಿದ್ದೆವು. ಕಳೆದ ವರ್ಷ ಮಾವ ತೀರಿಕೊಂಡರು. ಅವರ ಒಂದು ಟ್ರಂಕು ನಾವು ಡೊಂಬಿವಲಿಗೆ ಮನೆ ಬದಲಾಯಿಸಿದಾಗಲೂ ಜೊತೆಗೇ ಬಂದು, ಇಷ್ಟು ವರ್ಷ ಅಟ್ಟದ ಮೇಲೆ ಬಿದ್ದಿತ್ತು. ಹೋದ ವಾರ ಕೆಳಗಿಳಿಸಿ ತೆರೆದೆ.

ನಾವು ಆಡುತ್ತಿದ್ದ ಟಿವಿ ಗೇಮ್ ಯಂತ್ರ ಅದರಲ್ಲಿತ್ತು. ಎರಡು ರಿಮೋಟುಗಳು, ಬಾತುಕೋಳಿ ಹೊಡೆಯುವ ಪಿಸ್ತೂಲು, ಹದಿನಾಲ್ಕು ಕ್ಯಾಸೆಟ್‌ಗಳು ಇದ್ದವು. ಕಾಂಟ್ರಾ ಕ್ಯಾಸೆಟ್ಟಿನ ಬೆನ್ನಿಗೆ ಮಾವ ಒಂದು ಕಾಗದದ ಪಟ್ಟಿ ಅಂಟಿಸಿದ್ದಾರೆ. ನೀಲಿ ಶಾಯಿಯಲ್ಲಿ ಅವರ ದುಂಡಗಿನ ಅಕ್ಷರ: «ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ». ನಾವು ಮುನಿಸಿಪಾಲಿಟಿಯ ಕನ್ನಡ ಶಾಲೆಯ ಮಕ್ಕಳು, ಇಂಗ್ಲಿಷ್ ಓದಲು ತಡವರಿಸುತ್ತಿದ್ದೆವು. ಅದಕ್ಕೇ ಕನ್ನಡದಲ್ಲಿ ಬರೆದಿದ್ದರು. ಅದನ್ನು ಒತ್ತಿದರೆ ಮೂವತ್ತು ಜೀವ ಸಿಗುತ್ತಿತ್ತು. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು.

ಟ್ರಂಕಿನ ತಳದಲ್ಲಿ, ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಪೆಟ್ಟಿಗೆಯೂ ಇತ್ತು. «ಸೂಪರ್ ಮಾರಿಯೊ ಬ್ರದರ್ಸ್ 3». ಹಳದಿ ಬಣ್ಣದ ರಟ್ಟಿನ ಪೆಟ್ಟಿಗೆ, ಮೇಲೆ ಬಾಲವಿರುವ ಮಾರಿಯೊ ಹಾರುತ್ತಿದ್ದಾನೆ. ಪ್ಲಾಸ್ಟಿಕ್ ಹೊದಿಕೆ ಇನ್ನೂ ಒಡೆದಿಲ್ಲ. ಬಲ ಮೂಲೆಯಲ್ಲಿ ಡಾಲರ್ ಬೆಲೆಯ ಚೀಟಿ, ಅಂಕಿಗಳು ಮಾಸಿವೆ. ಒಂದು ಅಂಚಿನಲ್ಲಿ ರಟ್ಟು ತುಸು ಜಜ್ಜಿದೆ.

ಇದರ ಫೋಟೋವನ್ನು ಒಂದು ಸಂಗ್ರಹಕಾರರ ಗುಂಪಿನಲ್ಲಿ ಹಾಕಿದೆ. ಅಂದು ರಾತ್ರಿಯೇ ಲೋವರ್ ಪರೇಲಿನ ಒಬ್ಬರು ಫೋನ್ ಮಾಡಿದರು. ಇಂಥದ್ದು ಅಮೆರಿಕದಲ್ಲಿ ಕೋಟಿಗೂ ಹೋಗಿದೆಯಂತೆ. ಅವರೇ ಅಲ್ಲಿಗೆ ಕಳುಹಿಸಿ ಗ್ರೇಡ್ ಮಾಡಿಸಿ, ಅಂದರೆ ಪೆಟ್ಟಿಗೆಯ ಸ್ಥಿತಿ ಪರೀಕ್ಷಿಸಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಿಸಿ, ಮಾರಿಸುತ್ತಾರಂತೆ, «8.5 ಬಂದೇ ಬರುತ್ತದೆ» ಎಂದರು. ನಾನು ಮುಂಗಡವಾಗಿ 35,000 ರೂಪಾಯಿ ಕೊಡಬೇಕು, ಮಾರಾಟವಾದ ಮೇಲೆ ಶೇಕಡಾ 20 ಅವರಿಗೆ. ಈ ಶನಿವಾರದೊಳಗೆ ಹೇಳಬೇಕಂತೆ.

ಹಣದ ಅಗತ್ಯ ಇಲ್ಲ ಎಂದರೆ ಸುಳ್ಳಾಗುತ್ತದೆ, ಮನೆಯ ಸಾಲ ಇನ್ನೂ ಹನ್ನೊಂದು ವರ್ಷ ಇದೆ. ಮಗಳಿಗೆ ಒಂಬತ್ತು ವರ್ಷ. ಅವಳು ಬಿಚ್ಚಿ ನೋಡೋಣ ಎಂದು ದಿನವೂ ಹಟ ಹಿಡಿಯುತ್ತಿದ್ದಾಳೆ. ನನಗೆ ಅರ್ಥವಾಗದ ಇನ್ನೊಂದು ಸಂಗತಿಯೂ ಇದೆ. ಮಾವ ನಮಗಾಗಿಯೇ ತಂದ ಗೇಮನ್ನು ನಮಗೇಕೆ ಕೊಡಲಿಲ್ಲ? ಅಂಥ ಸ್ವಭಾವದವರಲ್ಲ ಅವರು. ತಿಳಿದವರು ದಯವಿಟ್ಟು ಹೇಳಿ.

---

ಬೆಸುಗೆ ಕಡ್ಡಿ (ಮಾಟುಂಗ)

ನಮಸ್ಕಾರ. ಶನಿವಾರದ ಗಡುವನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಮೂವತ್ತು ವರ್ಷ ಟ್ರಂಕಿನಲ್ಲಿದ್ದ ಪೆಟ್ಟಿಗೆ ಇನ್ನು ಮೂರು ತಿಂಗಳು ಇದ್ದರೆ ಯಾರಿಗೂ ನಷ್ಟವಿಲ್ಲ. ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿಯದೆ, ಫೋಟೋ ನೋಡಿಯೇ «8.5 ಬರುತ್ತದೆ» ಎಂದು ಮಾತು ಕೊಡುವವರಿಗೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. ಗ್ರೇಡ್ ಕೊಡುವವರು ಬೇರೆ ಯಾರೋ. ಆ ಅಂಕವನ್ನು ಮುಂಚಿತವಾಗಿ ಹೇಳುವ ಅಧಿಕಾರ ಮಧ್ಯವರ್ತಿಗೆ ಎಲ್ಲಿಂದ ಬಂತು?

ನನ್ನ ಬಗ್ಗೆ ಎರಡು ಮಾತು. 1986ರಲ್ಲಿ ಕಾರ್ಕಳದಿಂದ ಬಂದವನು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯಲ್ಲಿ ರೇಡಿಯೊ, ಟಿವಿ ರಿಪೇರಿ ಕಲಿತೆ. 1991ರಿಂದ ಸುಮಾರು ಹನ್ನೆರಡು ವರ್ಷ ನನ್ನ ಮೇಜಿನ ಮೇಲೆ ಬಂದ ಕೆಲಸದಲ್ಲಿ ಅರ್ಧದಷ್ಟು ಇವೇ ಟಿವಿ ಗೇಮ್‌ಗಳು. ಸಮುರಾಯ್, ಲಿಟಲ್ ಮಾಸ್ಟರ್, ಹೆಸರೇ ಇಲ್ಲದ ನೂರಾರು ತೈವಾನ್ ಯಂತ್ರಗಳು. ಅವುಗಳ ಒಳಗನ್ನು ನಾನು ಮನೆಯವರ ಮುಖದಷ್ಟೇ ಚೆನ್ನಾಗಿ ಬಲ್ಲೆ.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರ ಇದೆ ಎಂದುಕೊಂಡಿದ್ದೇನೆ. ಆ ಕ್ಯಾಸೆಟ್ ನಿಮ್ಮ ಯಂತ್ರದಲ್ಲಿ ಕೂರುವುದೇ ಇಲ್ಲ. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ಕ್ಯಾಸೆಟ್ಟಿಗೆ 60 ಪಿನ್. 1985ರಲ್ಲಿ ಅಮೆರಿಕಕ್ಕೆ ಅದನ್ನೇ ಎನ್‌ಇಎಸ್ ಎಂಬ ಹೆಸರಿನಲ್ಲಿ ಒಯ್ದಾಗ ಪಿನ್ 72 ಆಯಿತು, ಕ್ಯಾಸೆಟ್ಟಿನ ಗಾತ್ರವೂ ದೊಡ್ಡದಾಯಿತು, ಪರವಾನಗಿ ಇಲ್ಲದ ಕ್ಯಾಸೆಟ್ಟನ್ನು ಓಡಿಸದಂತೆ ತಡೆಯುವ ಒಂದು ಚಿಪ್ಪೂ ಸೇರಿತು. ನಮ್ಮಲ್ಲಿ ಮನೆಮನೆಗೆ ಬಂದ ಅಗ್ಗದ ಯಂತ್ರಗಳೆಲ್ಲ ಜಪಾನಿನ 60 ಪಿನ್ನಿನ ನಕಲು. ಹಡಗಿನವರು ಅಮೆರಿಕದಿಂದ ಪ್ರೀತಿಯಿಂದ ತಂದ ಕ್ಯಾಸೆಟ್ಟನ್ನು ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತದ್ದು ಒಂದೆರಡು ಸಲವಲ್ಲ. «ಇದು ಬೇರೆ ಜಾತಿಯದು, ನಿಮ್ಮದರಲ್ಲಿ ಹೋಗುವುದಿಲ್ಲ» ಎಂದಾಗ ಅವರ ಮುಖ ಇಳಿಯುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾನು ಅಂಥವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ: ಬಿಚ್ಚಬೇಡಿ, ಮುಂದಿನ ಸಲ ಅಲ್ಲಿಗೆ ಹೋದಾಗ ಬದಲಾಯಿಸಿ. ನಿಮ್ಮ ಮಾವ ಯಾವ ಅಂಗಡಿಯಲ್ಲಿ ವಿಚಾರಿಸಿದರೋ, ಹೆಚ್ಚುಕಡಿಮೆ ಇದನ್ನೇ ಕೇಳಿಕೊಂಡು ಬಂದಿರಬೇಕು.

ಇನ್ನು ಸೀಲ್ ಅಸಲಿಯೇ ಎಂಬುದು. ಕೈ ತೊಳೆದು ಒರೆಸಿಕೊಂಡು, ಟ್ಯೂಬ್‌ಲೈಟಿನ ಕೆಳಗೆ ಪೆಟ್ಟಿಗೆಯನ್ನು ಓರೆಯಾಗಿ ಹಿಡಿಯಿರಿ. ನಿಂಟೆಂಡೊ ಕಾರ್ಖಾನೆಯ ಹೊದಿಕೆಗೆ ಹಿಂಬದಿಯ ನಡುವೆ ಉದ್ದಕ್ಕೆ ಒಂದು ಜೋಡಣೆಯ ಗೆರೆ ಇರುತ್ತದೆ. ಅದು ಎರಡೂ ತುದಿಗಳಲ್ಲಿ ಅಡ್ಡಗೆರೆಗಳನ್ನು ಸೇರುತ್ತದೆ. ಸಂಗ್ರಹಕಾರರು ಇದನ್ನು ಎಚ್ ಸೀಮ್ ಎನ್ನುತ್ತಾರೆ. ಗೆರೆ ಬರೀ ಪಕ್ಕದ ಅಂಚುಗಳಲ್ಲಿ ಓಡಿದ್ದರೆ ಅಂಗಡಿಯವರು ಮತ್ತೆ ಸುತ್ತಿದ್ದು ಎಂಬ ಅನುಮಾನ ಬರಬೇಕು. ಗೆರೆ ಇದ್ದ ಮಾತ್ರಕ್ಕೆ ಅಸಲಿ ಎಂದು ಪ್ರಮಾಣ ಮಾಡಲಾಗದು, ಆದರೆ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಮುಂಭಾಗದಲ್ಲಿ «ಬ್ರೋಸ್.» ಎಂಬ ಇಂಗ್ಲಿಷ್ ಪದ ಎಲ್ಲಿದೆ ನೋಡಿ. ಅದು ಎಡಕ್ಕೆ ಸರಿದು, ಮಾರಿಯೊನ ಬಿಳಿ ಕೈಗವಸನ್ನು ಮುಚ್ಚಿದ್ದರೆ ಆರಂಭದ ಮುದ್ರಣ. 2020ರ ನವೆಂಬರ್‌ನಲ್ಲಿ ಡಲ್ಲಾಸ್‌ನ ಹೆರಿಟೇಜ್ ಹರಾಜಿನಲ್ಲಿ 1,56,000 ಡಾಲರಿಗೆ, ಅಂದರೆ ಒಂದು ಕೋಟಿ ರೂಪಾಯಿಗೂ ಮೇಲೆ ಹೋದದ್ದು ಆ ಬಗೆಯದು, ಅದೂ 9.2 ಅಂಕದ್ದು. ನಿಮ್ಮ ಮಧ್ಯವರ್ತಿ ಹೇಳಿದ ಕೋಟಿಯ ಕಥೆ ಇಲ್ಲಿಂದಲೇ ಬಂದಿರಬೇಕು. ಕೈಗವಸು ಪೂರ್ತಿ ಕಾಣುತ್ತಿದ್ದು ಪದ ಬಲಕ್ಕಿದ್ದರೆ ಅದು ಸಾಮಾನ್ಯ ಮುದ್ರಣ. ಆ ಗೇಮ್ ಒಂದೂವರೆ ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ ಎಂಬುದನ್ನು ನೆನಪಿಡಿ. ಸೀಲ್ ಅಸಲಿಯಾದರೆ ಆಗಲೂ ಒಳ್ಳೆಯ ಬೆಲೆಯೇ, ಆದರೆ ಮನೆಯ ಸಾಲ ತೀರಿಸುವ ಬೆಲೆಯಲ್ಲ.

ಈ ಹುಚ್ಚು ಹೇಗೆ ಏರಿತು ಎಂಬುದನ್ನೂ ತಿಳಿದುಕೊಳ್ಳಿ, ಮುಂದೆ ಬೇರೆ ಯಾರಾದರೂ ಫೋನ್ ಮಾಡಿದಾಗ ಉಪಯೋಗಕ್ಕೆ ಬರುತ್ತದೆ. ಗೇಮ್‌ಗಳಿಗೆ ಅಂಕ ಕೊಡುವುದು ಹೊಸದೇನಲ್ಲ, ವಿಜಿಎ ಎಂಬ ಸಂಸ್ಥೆ 2008ರಿಂದಲೇ ನೂರಕ್ಕೆ ಇಷ್ಟು ಎಂದು ಕೊಡುತ್ತಿತ್ತು. 2018ರಲ್ಲಿ ವಾಟಾ ಎಂಬ ಇನ್ನೊಂದು ಸಂಸ್ಥೆ ಬಂತು. ಪೆಟ್ಟಿಗೆಗೆ ಹತ್ತರವರೆಗಿನ ಅಂಕ, ಹೊದಿಕೆಗೆ ಪ್ರತ್ಯೇಕವಾಗಿ ಎ, ಬಿ, ಸಿ ಎಂಬ ದರ್ಜೆ, ಎಲ್ಲದರ ಮೇಲೆ ಗಟ್ಟಿ ಪಾರದರ್ಶಕ ಕವಚ. 2019ರ ಆರಂಭದಲ್ಲಿ ಮೊದಲ ಮಾರಿಯೊ 1,00,150 ಡಾಲರಿಗೆ ಹೋಯಿತು. 2021ರ ಏಪ್ರಿಲ್‌ನಲ್ಲಿ ಅದೇ ಗೇಮಿನ ಮತ್ತೊಂದು ಪ್ರತಿ 6,60,000. ಜುಲೈ 9ರಂದು ಜೆಲ್ಡಾ ಎಂಬ ಇನ್ನೊಂದು ಗೇಮ್ 8,70,000. ಎರಡೇ ದಿನ ಬಿಟ್ಟು, ಜುಲೈ 11ರಂದು «ಸೂಪರ್ ಮಾರಿಯೊ 64» 15,60,000 ಡಾಲರ್. ಆಗಸ್ಟಿನಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾದ ಮಾರಿಯೊ ಇನ್ನೂ ವಿಚಿತ್ರ. ಅದರ ಒಡೆತನ ಒಬ್ಬರದಲ್ಲ, ಷೇರಿನಂತೆ ಚೂರುಚೂರಾಗಿ ಜನ ಹಂಚಿಕೊಂಡಿದ್ದರು. «ಮಾರಿಯೊ 64» 1996ರ ಗೇಮ್, ಒಂದು ಕೋಟಿಗೂ ಹೆಚ್ಚು ಪ್ರತಿ ಜಗತ್ತಿನಲ್ಲಿ ಮಾರಾಟವಾಗಿವೆ. ಅದು ಅಪರೂಪದ ಗೇಮ್ ಅಲ್ಲವೇ ಅಲ್ಲ. ಅಪರೂಪವಾದದ್ದು 9.8 ಎಂಬ ಅಂಕಿ ಮಾತ್ರ. 11 ಕೋಟಿ ರೂಪಾಯಿಗೂ ಹೆಚ್ಚು ಹಣ ಬಿದ್ದದ್ದು ರಟ್ಟಿನ ನಾಲ್ಕು ಮೂಲೆಗಳು ಮೊನಚಾಗಿ ಉಳಿದದ್ದಕ್ಕೆ. ಆ ಏರಿಕೆ ನಿಲ್ಲಲಿಲ್ಲ, 2021ರ ನಂತರ ಬೆಲೆಗಳು ಜಾರಿದವು. ಬೆಲೆ ಉಬ್ಬಿಸುವುದರಲ್ಲಿ ವಾಟಾದ ಕೈ ಇದೆ ಎಂದು ಆರೋಪಿಸಿ 2022ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕರು ಮೊಕದ್ದಮೆಯನ್ನೂ ಹೂಡಿದರು. ಆರೋಪ ಆರೋಪವೇ, ನಾನು ತೀರ್ಪು ಹೇಳುವವನಲ್ಲ.

ನನ್ನ ಸಂಕಟ ಬೇರೆಯದು. ಸೀಲ್ ಇರುವ ಗೇಮನ್ನು ಯಾವ ಗ್ರೇಡ್ ಸಂಸ್ಥೆಯೂ ಬಿಚ್ಚಿ ನೋಡುವುದಿಲ್ಲ, ನೋಡಲಾಗದು. ಆ ಜೆಲ್ಡಾ ಕ್ಯಾಸೆಟ್ಟನ್ನೇ ತೆಗೆದುಕೊಳ್ಳಿ. ಆಡಿದ್ದನ್ನು ನೆನಪಿಡಲು ಅದರೊಳಗೆ ಒಂದು ನಾಣ್ಯದಂಥ ಬ್ಯಾಟರಿಯನ್ನು ಬೆಸೆದಿರುತ್ತಾರೆ. ಸಿಆರ್2032, ಇವತ್ತು ಯಾವ ಗಡಿಯಾರದ ಅಂಗಡಿಯಲ್ಲಾದರೂ ಸಿಗುತ್ತದೆ. 1987ರ ಬ್ಯಾಟರಿ ಇಷ್ಟರಲ್ಲಿ ಸತ್ತಿರಬಹುದು, ಸೋರಿರಲೂಬಹುದು. ಬಿಚ್ಚಿದರೆ ಹತ್ತು ನಿಮಿಷದಲ್ಲಿ ಹೊಸದು ಹಾಕಿ ಕ್ಯಾಸೆಟ್ಟಿಗೆ ಮತ್ತೆ ಜೀವ ಕೊಡುತ್ತೇನೆ. ಕವಚದೊಳಗೆ ಇದ್ದರೆ ಅದು ಮೆಲ್ಲಗೆ ಕೊಳೆಯುವುದನ್ನು ಕೋಟಿ ಕೊಟ್ಟವರೂ ನೋಡಲಾರರು. ರಿಪೇರಿ ಮಾಡಿ ಬದುಕಿದವನಿಗೆ ಇದನ್ನು ಸಹಿಸುವುದು ಕಷ್ಟ.

ಆ ಹಳದಿ ಪೆಟ್ಟಿಗೆಯ ಮೇಲೇ ಎಲ್ಲರ ಕಣ್ಣು. ನಿಮ್ಮ ಟ್ರಂಕಿನಲ್ಲಿ ನಿಜವಾಗಿ ಅಪರೂಪದ್ದು ಆ ಹದಿನಾಲ್ಕು ಕ್ಯಾಸೆಟ್‌ಗಳು ಮತ್ತು ಆ ಕಾಗದದ ಪಟ್ಟಿ. ಅಮೆರಿಕದ ಅಸಲಿ ಕ್ಯಾಸೆಟ್ ಬಿಚ್ಚಿದರೆ ಹಸಿರು ಹಲಗೆಯ ಮೇಲೆ ಕಾಲುಗಳಿರುವ ಚಿಪ್ಪುಗಳು ಸಾಲಾಗಿ ಕುಳಿತಿರುತ್ತವೆ. ನಮ್ಮ ಕಡೆಯವುಗಳಲ್ಲಿ ಹೆಚ್ಚಿನವನ್ನು ಬಿಚ್ಚಿದರೆ ಕಾಣುವುದು ಒಂದೇ ಒಂದು ಕರಿ ಬೊಟ್ಟು, ಉದ್ದಿನ ವಡೆಯ ಹಿಟ್ಟು ಬಿದ್ದಂತೆ, ನಡುವೆ ಉಬ್ಬಿ ಅಂಚಿನಲ್ಲಿ ತೆಳ್ಳಗೆ. ಗೇಮ್ ಪೂರ್ತಿ ಅದರ ಕೆಳಗೆ. ಅವುಗಳನ್ನು ಯಾರು ಮಾಡಿದರು, ಯಾವ ಬಂದರಿಗೆ ಇಳಿದವು, ಮುಂಬಯಿಯ ಮನೀಷ್ ಮಾರ್ಕೆಟ್ಟಿಗೆ ಹೇಗೆ ಬಂದವು ಎಂಬುದಕ್ಕೆ ದಾಖಲೆಯೇ ಇಲ್ಲ. ನಾವು ಆಡಿದ ಗೇಮ್‌ಗಳೆಲ್ಲ ಇವೇ. ಮಾರಿಯೊ 3ರ ಅಸಲಿ ಪ್ರತಿ ಅಮೆರಿಕದಲ್ಲಿ ಸಾವಿರ ಮನೆಗಳಲ್ಲಿ ಸಿಗುತ್ತದೆ. ಕನ್ನಡದಲ್ಲಿ «ಮೇಲೆ ಮೇಲೆ ಕೆಳಗೆ ಕೆಳಗೆ» ಎಂದು ಬರೆದು ಅಂಟಿಸಿದ ಕಾಂಟ್ರಾ ಇನ್ನೊಂದು ಇದೆಯೇ? ಗ್ರೇಡ್ ಮಾಡುವವರ ಕೈಗೆ ಕೊಟ್ಟರೆ ಆ ಪಟ್ಟಿ ಒಂದು ದೋಷ, ಅದಕ್ಕೆ ಅಂಕ ಕಡಿಮೆ. ದಯವಿಟ್ಟು ಅದನ್ನು ಕೀಳಬೇಡಿ, ಒದ್ದೆ ಬಟ್ಟೆ ತಾಗಿಸಬೇಡಿ, ಮೇಲೆ ಸೆಲ್ಲೋಟೇಪ್ ಅಂಟಿಸಬೇಡಿ. ಒಂದು ಒಳ್ಳೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಟ್ರಂಕಿನಲ್ಲಿ ಮಾವನ ಸಿಡಿಸಿ ಪುಸ್ತಕ, ಅಂದರೆ ಹಡಗಿನವರ ಕೆಲಸದ ದಾಖಲೆ ಪುಸ್ತಕ, ಇದೆಯೇ ನೋಡಿ. ಯಾವ ಹಡಗು, ಯಾವ ಬಂದರಿನಲ್ಲಿ ಹತ್ತಿದರು, ಎಲ್ಲಿ ಇಳಿದರು ಎಂಬುದಕ್ಕೆಲ್ಲ ಅದರಲ್ಲಿ ಮೊಹರು ಇರುತ್ತದೆ. ಮಾರುವುದಾದರೂ ಇಟ್ಟುಕೊಳ್ಳುವುದಾದರೂ ಪೆಟ್ಟಿಗೆ ಎಲ್ಲಿಂದ ಬಂತು ಎಂದು ಹೇಳಲು ಅದಕ್ಕಿಂತ ಗಟ್ಟಿ ಕಾಗದ ಬೇರೆ ಇಲ್ಲ.

ಇನ್ನೊಂದು ವಿಷಯ ಕೇಳಲೇಬೇಕು, ಬೇಸರಿಸಬೇಡಿ. ಆ ಟ್ರಂಕು ಯಾರದು? ಮಾವನ ಹೆಂಡತಿ ಇದ್ದಾರೆಯೇ? ಅವರಿಗೆ ಇದೆಲ್ಲ ತಿಳಿದಿದೆಯೇ?

---

ಪಿಂಪ್ರಿ ಅಕ್ಕ

ಬೆಸುಗೆ ಅಣ್ಣನವರ ಮಾತನ್ನು ಒಪ್ಪುತ್ತೇನೆ, ಆದರೆ ಗ್ರೇಡಿಂಗ್ ಎಂದರೆ ಬರೀ ಬೂಟಾಟಿಕೆ ಎಂದು ಓದಿದವರು ತಿಳಿಯಬಾರದು. ಸಾವಿರಾರು ಮೈಲಿ ದೂರದಲ್ಲಿ ಕುಳಿತು, ಮುಖ ನೋಡದವರಿಂದ ಕೊಳ್ಳುವಾಗ ಪೆಟ್ಟಿಗೆಯನ್ನು ಮೂರನೆಯವರು ಪರೀಕ್ಷಿಸಿದ್ದಾರೆ ಎಂಬುದಕ್ಕೆ ಬೆಲೆ ಇದೆ. ಮರುಸೀಲ್ ಮಾಡಿ ಮಾರುವವರು ಎಲ್ಲ ದೇಶದಲ್ಲೂ ಇದ್ದಾರೆ. ಗ್ರೇಡ್ ಒಂದು ಸಾಧನ. ಅದನ್ನೇ ಸರಕು ಎಂದು ತಿಳಿದು ಹಣ ಹಾಕುವಲ್ಲಿ ಕೆಡುತ್ತದೆ. ಈ ತಪ್ಪನ್ನು ನಾನೇ ಮಾಡಿದ್ದೇನೆ.

2021ರ ಸೆಪ್ಟೆಂಬರ್. ಮನೆಯಿಂದಲೇ ಕೆಲಸ, ಕೈಯಲ್ಲಿ ಸ್ವಲ್ಪ ಉಳಿತಾಯ, ದಿನವೂ ಇಂಥ ಸುದ್ದಿ. ಅಮೆರಿಕದ ಒಬ್ಬ ವ್ಯಾಪಾರಿಯಿಂದ ಗ್ರೇಡ್ ಆದ ಒಂದು ಪ್ಲೇಸ್ಟೇಷನ್ ಗೇಮ್ ತರಿಸಿದೆ. ಸಾಗಣೆ, ಸುಂಕ ಎಲ್ಲ ಸೇರಿ 61,000 ರೂಪಾಯಿ. ಹನ್ನೊಂದು ತಿಂಗಳ ನಂತರ ಮಗನ ಕಾಲೇಜಿನ ಶುಲ್ಕಕ್ಕೆಂದು ಮಾರಲು ಹೊರಟಾಗ ಇಲ್ಲಿ ಕೊಳ್ಳುವವರೇ ಇಲ್ಲ. ಕೊನೆಗೆ 22,000ಕ್ಕೆ ಬೆಂಗಳೂರಿನ ಒಬ್ಬ ಹುಡುಗ ತೆಗೆದುಕೊಂಡ. ನಷ್ಟಕ್ಕಿಂತ ನನ್ನನ್ನು ಕಾಡಿದ್ದು ಆ ಹನ್ನೊಂದು ತಿಂಗಳು. ಕಪಾಟಿನಲ್ಲಿ ಒಂದು ಗೇಮ್ ಇದೆ, ಮಗನಿಗೆ ಆಡಬೇಕೆಂಬ ಆಸೆ ಇದೆ, ನಾನು ಮುಟ್ಟಬೇಡ ಎನ್ನುತ್ತಿದ್ದೇನೆ. ನಾನು ಧಾರವಾಡದಲ್ಲಿ ಚಿಕ್ಕವಳಿದ್ದಾಗ ಪಕ್ಕದ ಮನೆಯವರು ಯಂತ್ರವನ್ನು ಮುಟ್ಟಲು ಬಿಡದೆ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ಅದೇ ಮಾತು ನನ್ನ ಬಾಯಲ್ಲಿ ಬಂದಿತ್ತು.

ಪುಣೆಯಲ್ಲಿರುವವರಿಗೆ ಹೇಳುತ್ತೇನೆ, ಬುಧವಾರ ಮತ್ತು ಭಾನುವಾರದ ಜೂನಾ ಬಾಜಾರಿಗೆ ಬೆಳಗ್ಗೆಯೇ ಹೋಗಿ. ಎರಡು ವರ್ಷದ ಹಿಂದೆ ಅಲ್ಲಿ ತಾಮ್ರದ ತಪ್ಪಲೆಗಳ ಪಕ್ಕ ಗೋಣಿಚೀಲದ ಮೇಲೆ ಸೆಗಾ ಮೆಗಾ ಡ್ರೈವ್ ಎಂಬ ಟಿವಿ ಗೇಮ್ ಯಂತ್ರ ಬಿದ್ದಿತ್ತು, ಜೊತೆಗೆ ಹಳೆಯ ಒಡೆಯರ 1996ರ ರಸೀದಿ. ಸೆಗಾದವರು 1995ರಲ್ಲಿ ಶಾ ವಾಲೇಸ್ ಕಂಪನಿಯ ಮೂಲಕ ಇದನ್ನು ಭಾರತಕ್ಕೆ ತಂದಾಗ ಆಮದು ಸುಂಕ ಶೇಕಡಾ 80 ಇತ್ತು, ಒಂದು ಯಂತ್ರಕ್ಕೆ 18,000 ರೂಪಾಯಿ. ಆ ಕಾಲದಲ್ಲಿ ನಮ್ಮ ತಂದೆಯ ನಾಲ್ಕು ತಿಂಗಳ ಸಂಬಳ ಅದು. ನಾನು ಕೊಟ್ಟದ್ದು 1,800. ಅಂಕ ಇಲ್ಲ, ಕವಚ ಇಲ್ಲ, ದಿನವೂ ಆಡುತ್ತೇವೆ.

ಡೊಂಬಿವಲಿಯವರಿಗೆ ವ್ಯವಹಾರದ ಮಾತು ಎರಡು. ಕೇಳಿದ ಬೆಲೆಯನ್ನು ನೋಡಬೇಡಿ, ಈಬೇಯಲ್ಲಿ ಮಾರಾಟ ಮುಗಿದವುಗಳನ್ನು ಮಾತ್ರ ಬೇರ್ಪಡಿಸಿ ನೋಡಬಹುದು, ಅದೇ ನಿಜವಾದ ಬೆಲೆ. ಮತ್ತೆ, ಗ್ರೇಡ್ ಮಾಡಿಸಿ ವಾಪಸ್ ತರಿಸುವುದಾದರೆ ಇದು ಇಲ್ಲಿಂದಲೇ ಹೋದ ವಸ್ತು ಎಂದು ತೋರಿಸುವ ಕಾಗದಗಳು ಕೈಯಲ್ಲಿರಬೇಕು. ಇಲ್ಲದಿದ್ದರೆ ಸುಂಕದವರ ಕಣ್ಣಿಗೆ ಅದು ಹೊಸದಾಗಿ ಆಮದಾದ ಸರಕು. ಮಧ್ಯವರ್ತಿ ಈ ವಿಷಯ ಬಾಯಿಬಿಟ್ಟಿಲ್ಲ ಎಂದು ನಿಮ್ಮ ಬರಹದಿಂದಲೇ ಗೊತ್ತಾಗುತ್ತದೆ.

---

ವಾಸ್ಕೊ ಬಂದರು

ನಾನು ಗೋವಾದ ವಾಸ್ಕೊದಲ್ಲಿ ಹುಟ್ಟಿ ಬೆಳೆದವನು, ತಂದೆ ಹಾವೇರಿಯಿಂದ ಬಂದರಿನ ಕೆಲಸಕ್ಕೆ ಬಂದವರು. ನಮ್ಮ ಬೀದಿಯಲ್ಲಿ ಹಡಗಿನವರ ಮನೆಗಳೇ ಹೆಚ್ಚು. ಅವರ ಕಪಾಟುಗಳಲ್ಲಿ ಇಂಥ ಪೆಟ್ಟಿಗೆಗಳು ಹಾಳಾಗುವುದನ್ನು ಸಾಕಷ್ಟು ನೋಡಿದ್ದೇನೆ. ಮಾರುವುದು ಬಿಡುವುದು ನಿಮ್ಮ ಇಷ್ಟ, ನನ್ನ ಚಿಂತೆ ಮಳೆಗಾಲದ್ದು.

ಅಟ್ಟದ ಮೇಲೆ ವಾಪಸ್ ಇಡಬೇಡಿ. ಬೇಸಿಗೆಯಲ್ಲಿ ಅಲ್ಲಿ ಕಾವು, ಮಳೆಗಾಲದಲ್ಲಿ ತೇವ. ಆ ಹೊದಿಕೆ ಬಿಸಿಗೆ ಇನ್ನಷ್ಟು ಬಿಗಿಯುತ್ತದೆ, ರಟ್ಟು ಬಿಲ್ಲಿನಂತೆ ಬಾಗುತ್ತದೆ. ನೀವು ಹೇಳಿದ ಜಜ್ಜಿದ ಅಂಚು ಹಾಗೆ ಆದದ್ದೂ ಇರಬಹುದು. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗೋಡೆಗೆ ತಾಗದ ಕಪಾಟಿನಲ್ಲಿ, ಬಿಸಿಲು ಬೀಳದ ಕಡೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಬೇಡಿ. ಬಟ್ಟೆಗಳಿಗೆ ಹಾಕುವ ನುಸಿಗುಳಿಗೆಯನ್ನು ಮಾತ್ರ ಹತ್ತಿರವೂ ಸುಳಿಯಗೊಡಬೇಡಿ. ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಅದು ಕರಗಿಸುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜಿ ಮಗನ ಕ್ಯಾಸೆಟ್‌ಗಳ ನಡುವೆ ಅಕ್ಕರೆಯಿಂದಲೇ ಒಂದು ಹಿಡಿ ಹಾಕಿಟ್ಟಿದ್ದರು. ಮೂರು ವರ್ಷದ ಮೇಲೆ ತೆಗೆದಾಗ ಗುಳಿಗೆ ತಾಗಿದಲ್ಲೆಲ್ಲ ಪ್ಲಾಸ್ಟಿಕ್ ಮೇಣದಂತೆ ಅಂಟುಅಂಟಾಗಿತ್ತು. ಆ ಮಗನೂ ಹಡಗಿನವನೇ, ಏನೂ ಅನ್ನದೆ ಎಲ್ಲವನ್ನೂ ಮತ್ತೆ ಒಳಗಿಟ್ಟ.

ಬೆಲೆ ಚೀಟಿಯನ್ನೂ ಕೀಳಲು ಹೋಗಬೇಡಿ, ಹೊದಿಕೆ ಅದರ ಜೊತೆಗೇ ಹರಿಯುತ್ತದೆ.

---

ಡೊಂಬಿವಲಿ ಕನ್ನಡಿಗ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಡುವೆ ಊರಿಗೆ ಹೋಗಿ ಬಂದೆ.

ನೀವು ಹೇಳಿದಂತೆಯೇ ನೋಡಿದೆ. ಹಿಂಬದಿಯ ನಡುವೆ ಗೆರೆ ಇದೆ, ತುದಿಗಳಲ್ಲಿ ಅಡ್ಡಗೆರೆಯೂ ಇದೆ. ಕೈಗವಸು ಪೂರ್ತಿ ಕಾಣುತ್ತದೆ, ಪದ ಬಲಕ್ಕಿದೆ. ಅಂದರೆ ಸಾಮಾನ್ಯ ಮುದ್ರಣ. ಮಧ್ಯವರ್ತಿಗೆ ಇದನ್ನೇ ಫೋನಿನಲ್ಲಿ ಕೇಳಿದೆ, «ಅದೆಲ್ಲ ದೊಡ್ಡ ವಿಷಯವಲ್ಲ, ಮುಂಗಡ 20,000 ಮಾಡಿ» ಎಂದರು. ಬೇಡ ಎಂದುಬಿಟ್ಟೆ.

ಬೆಸುಗೆ ಅಣ್ಣ, ಟ್ರಂಕು ಯಾರದು ಎಂದು ನೀವು ಕೇಳಿದ್ದು ಆ ರಾತ್ರಿಯೆಲ್ಲ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಅತ್ತೆ ಕುಂದಾಪುರದಲ್ಲಿದ್ದಾರೆ. ನಾನು ಅವರಿಗೆ ಒಂದು ಮಾತೂ ಹೇಳಿರಲಿಲ್ಲ. ಪೆಟ್ಟಿಗೆ, ಸಿಡಿಸಿ ಪುಸ್ತಕ ಎರಡನ್ನೂ ತೆಗೆದುಕೊಂಡು ಮತ್ಸ್ಯಗಂಧಾ ರೈಲು ಹತ್ತಿದೆ. ಸಿಡಿಸಿಯಲ್ಲಿ ಹ್ಯೂಸ್ಟನ್‌ನಲ್ಲಿ ಇಳಿದ ಮೊಹರು ಇದೆ, 1991ರ ನವೆಂಬರ್. ಅಲ್ಲಿಂದ ವಿಮಾನದಲ್ಲಿ ಮನೆಗೆ ಬಂದದ್ದು. ಆಗ ನನಗೆ ಎಂಟು ವರ್ಷ.

ಅತ್ತೆ ಪೆಟ್ಟಿಗೆಯನ್ನು ನೋಡಿದ ಕೂಡಲೇ ಗುರುತಿಸಿದರು. ಮಾವ ಅದನ್ನು ತೆಗೆದುಕೊಂಡು ಗ್ರ್ಯಾಂಟ್ ರೋಡಿನ ಕಡೆ ಅಂಗಡಿ ಅಂಗಡಿ ತಿರುಗಿ ಸಂಜೆ ಬರಿಗೈಯಲ್ಲಿ ಬಂದಂತೆ ಸಪ್ಪಗೆ ಬಂದರಂತೆ. ಮಕ್ಕಳಿಗೆ ತೋರಿಸಿದರೆ ಆಸೆಪಟ್ಟು ಅಳುತ್ತಾರೆ, ಮುಂದಿನ ಸಲ ಬದಲಾಯಿಸಿ ತರುತ್ತೇನೆ ಎಂದು ಬನಿಯನ್ನಿನಲ್ಲಿ ಸುತ್ತಿಟ್ಟರಂತೆ. ಆಮೇಲೆ ಅವರ ಹಡಗುಗಳು ಕೊಲ್ಲಿಯ ಕಡೆಗೇ ಹೋದವು, ಅಮೆರಿಕಕ್ಕೆ ಮತ್ತೆ ಹೋಗಲೇ ಇಲ್ಲ. ಅದರ ಬದಲಿಗೇ ಮನೀಷ್ ಮಾರ್ಕೆಟ್ಟಿನಿಂದ ಕಾಂಟ್ರಾ ತಂದುಕೊಟ್ಟದ್ದು ಎಂದು ಅತ್ತೆ ಹೇಳಿದಾಗ ನನಗೆ ಮಾತು ಹೊರಡಲಿಲ್ಲ. ಆ ಪಟ್ಟಿಯ ಕಾಗದ ಅತ್ತೆಯ ಪತ್ರ ಬರೆಯುವ ಪ್ಯಾಡಿನದು.

ಮಾರುವ ವಿಷಯವನ್ನೂ ಮುಚ್ಚಿಡದೆ ಹೇಳಿದೆ, ಮಾರಾಟ ಮುಗಿದ ಬೆಲೆಗಳನ್ನು ತೋರಿಸಿದೆ. ಹಣ ಬಂದರೆ ಅದು ಅವರದು ಎಂದೆ. ಅತ್ತೆ ಬಹಳ ಹೊತ್ತು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಸದ್ಯಕ್ಕೆ ಇದು ಇಲ್ಲೇ ಇರಲಿ ಎಂದು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ. ವಾಸ್ಕೊದವರು ಹೇಳಿದಂತೆ ಡಬ್ಬಿ, ಸಿಲಿಕಾ ಜೆಲ್ ಎಲ್ಲ ಮಾಡಿ ಬಂದೆ. ನುಸಿಗುಳಿಗೆಯನ್ನು ನಾನೇ ಹೆಕ್ಕಿ ತೆಗೆದೆ.

ದೀಪಾವಳಿಗೆ ಅತ್ತೆ ಡೊಂಬಿವಲಿಗೆ ಬರುತ್ತಾರೆ. ಅಷ್ಟರೊಳಗೆ ಹಳೆಯ ಯಂತ್ರ ಓಡುತ್ತದೆಯೇ, ಹುಡುಗಿ ಆಡುವುದನ್ನು ನೋಡಬೇಕು ಎಂದರು. ಇನ್ನು ಪ್ರಶ್ನೆ ಇದೊಂದೇ: ಯಂತ್ರದ ಅಡಾಪ್ಟರ್ ಟ್ರಂಕಿನಲ್ಲಿ ಇಲ್ಲ. ಹಿಂಭಾಗದಲ್ಲಿ 9 ವೋಲ್ಟ್ ಎಂದು ಬರೆದಿದೆ, ಪಕ್ಕದ ಚಿತ್ರದಲ್ಲಿ ನಡುವಿನ ಚುಕ್ಕೆಗೆ ಮೈನಸ್ ಗುರುತು. ಮನೆಯಲ್ಲಿ ವೈಫೈ ಪೆಟ್ಟಿಗೆಯ 9 ವೋಲ್ಟಿನದು ಒಂದಿದೆ, ಅದನ್ನು ಹಾಕಬಹುದೇ? ಕಾಂಟ್ರಾವನ್ನು ಬಾಯಿಂದ ಊದಿ ಹಾಕಿದರೆ ಸಾಕೇ?

---

ಬೆಸುಗೆ ಕಡ್ಡಿ (ಮಾಟುಂಗ)

ಹಾಕಬೇಡಿ! ವೈಫೈ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್ ಇರುತ್ತದೆ, ನಿಮ್ಮದಕ್ಕೆ ಬೇಕಾದದ್ದು ಮೈನಸ್. ತಿರುಗುಮುರುಗಾಗಿ ಕರೆಂಟು ಹೋದರೆ ಒಳಗಿನ ರೆಗ್ಯುಲೇಟರ್ ಸುಡಬಹುದು, ಚಿಪ್ಪೂ ಹೋಗಬಹುದು. ಊದಲೂ ಬೇಡ. ಉಸಿರಿನ ತೇವ ಪಿನ್ನುಗಳಿಗೆ ಕಿಲುಬು ಹಿಡಿಸುತ್ತದೆ. ನಾವೆಲ್ಲ ಊದಿದವರೇ, ಆದರೆ ಅದು ತಪ್ಪು. ಐಸೊಪ್ರೊಪೈಲ್ ಆಲ್ಕೊಹಾಲನ್ನು ಕಿವಿಯ ಹತ್ತಿಕಡ್ಡಿಗೆ ತುಸುವೇ ತಾಗಿಸಿ ಪಿನ್ನುಗಳನ್ನು ಉದ್ದಕ್ಕೆ ಒರೆಸಬೇಕು, ಬೆನ್ನಿನ ಪಟ್ಟಿಗೆ ಒಂದು ಹನಿಯೂ ಸೋಕಬಾರದು. ಕಾಂಟ್ರಾವನ್ನು ನೀವು ಮಾಡಬೇಡಿ, ನನ್ನ ಮುಂದೆ ಮಾಡೋಣ.

ನಡುವೆ ಮೈನಸ್ ಇರುವ 9 ವೋಲ್ಟಿನ ಹಳೆಯ ಅಡಾಪ್ಟರ್ ನನ್ನ ಬಳಿ ಎರಡಿವೆ. ಭಾನುವಾರ ಹತ್ತು ಗಂಟೆಯ ಮೇಲೆ ಯಂತ್ರ, ಹದಿನಾಲ್ಕೂ ಕ್ಯಾಸೆಟ್ ತೆಗೆದುಕೊಂಡು ಬನ್ನಿ. ಡೊಂಬಿವಲಿಯಿಂದ ದಾದರಿಗೆ ಫಾಸ್ಟ್ ಗಾಡಿ ಹಿಡಿಯಿರಿ, ಅಲ್ಲಿಂದ ಸ್ಲೋ ಗಾಡಿಯಲ್ಲಿ ಒಂದೇ ಸ್ಟೇಷನ್ ಹಿಂದಕ್ಕೆ. ಮಗಳನ್ನೂ ಕರೆದುಕೊಂಡು ಬನ್ನಿ. ಹೆಸರಿಲ್ಲದ ಒಂದು ಕ್ಯಾಸೆಟ್ಟನ್ನು ಬಿಚ್ಚಿ ಆ ಕರಿ ಬೊಟ್ಟನ್ನು ಅವಳಿಗೆ ತೋರಿಸುತ್ತೇನೆ. ಬಿಚ್ಚಿ ನೋಡಬೇಕೆಂದು ಹಟ ಮಾಡುತ್ತಿದ್ದಳಲ್ಲವೇ?